ಓವನ್ನಿನೊಳಗಿನ ಬಾಣಲೆ

ಗಲ್ಫಿಗೆ ಹೋದ ನಮ್ಮ ಕಡೆಯ ಹೆಂಗಸರಿಗೆ ಓವನ್ ಎಂದರೆ ಪಾತ್ರೆ ಇಡುವ ಕಪಾಟು. ತಮಾಷೆಗೆ ಹೇಳುತ್ತಿಲ್ಲ. ನಾಲ್ಕು ಒಲೆಯ ಗ್ಯಾಸ್ ರೇಂಜು ಮನೆಯ ಜೊತೆಗೇ ಬರುತ್ತದೆ, ಅದರ ಹೊಟ್ಟೆಯಲ್ಲಿ ಓವನ್ ಇರುತ್ತದೆ. ನಾವು ಅದರೊಳಗೆ ದೋಸೆ ಕಾವಲಿ, ಇಡ್ಲಿ ತಟ್ಟೆ, ಚಕ್ಕುಲಿ ಒರಳು ಎಲ್ಲವನ್ನೂ ತುರುಕಿ ಬಾಗಿಲು ಹಾಕಿ ನಿಶ್ಚಿಂತೆಯಾಗಿರುತ್ತೇವೆ. ಕಳೆದ ವರ್ಷ ಮಗಳು ಶ್ರುತಿಯ ಮನೆಗೆ ಹೋಗಿದ್ದೆ. ಅವಳೀಗ ಗಲ್ಫಿನ ಸೀಬ್ ಊರಿಗೆ ಸೇರಿದ ಅಲ್ ಮಬೇಲಾದಲ್ಲಿದ್ದಾಳೆ. ನಮ್ಮ ಕಾಲಕ್ಕೆ ಆ ಜಾಗದಲ್ಲಿ ನಾಲ್ಕು ಗ್ಯಾರೇಜು, ಮುಳ್ಳುಗಿಡ, ಅದನ್ನು ಮೇಯುವ ಆಡು ಬಿಟ್ಟರೆ ಬೇರೇನೂ ಇರಲಿಲ್ಲ. ಮೊಮ್ಮಗಳಿಗೆ ರಜೆ ಶುರುವಾಗಿತ್ತು, ಬಣ್ಣದ ಕುಕೀ ಮಾಡಬೇಕೆಂದು ಹಟ. ಶ್ರುತಿ ಒಳಗೆ ಏನಿದೆಯೆಂದು ನೋಡದೆ ಓವನ್ ಬಿಸಿಗಿಟ್ಟಳು. ಸ್ವಲ್ಪ ಹೊತ್ತಿಗೆ ಅಡುಗೆಮನೆ ತುಂಬ ಒಂದು ವಾಸನೆ. ಹಳೆಯ ಎಣ್ಣೆಯ ಜಿಡ್ಡು ಹಿತ್ತಾಳೆಯ ಮೇಲೆ ಕಾದಾಗ ಬರುತ್ತದಲ್ಲ, ಅದು. ಅದರ ಹಿಂದೆಯೇ ಕರಗಿದ ಪ್ಲಾಸ್ಟಿಕ್.

"ಅಯ್ಯೋ ಅಮ್ಮಾ, ಒಳಗೆ ಪಾತ್ರೆ ಉಂಟು!" ಎಂದು ಅವಳು ಓಡಿದಳು. ನಾನು ಕುರ್ಚಿಯಿಂದ ಏಳಲಿಲ್ಲ. ಆ ವಾಸನೆ ನನ್ನನ್ನು ಮೂವತ್ತು ವರ್ಷಕ್ಕೂ ಹಿಂದಿನ ಸೀಬ್‌ಗೆ, ನಾಗರತ್ನಳ ಕಡೆಗೆ ಕರೆದುಕೊಂಡು ಹೋಗಿತ್ತು.

ಎಂಬತ್ತರ ದಶಕದ ಕೊನೆಯ ಮಾತು. ಸೀಬ್‌ನಲ್ಲಿ, ವಿಮಾನ ನಿಲ್ದಾಣದಿಂದ ಅಷ್ಟೇನೂ ದೂರವಲ್ಲದ ಒಂದು ವಿಲ್ಲಾವನ್ನು ಮಾಲೀಕ ಎರಡು ಭಾಗ ಮಾಡಿ ಬಾಡಿಗೆಗೆ ಕೊಟ್ಟಿದ್ದ. ಮುಂದಿನ ಭಾಗ ನಮ್ಮದು, ಹಿಂದಿನದು ನಾಗರತ್ನಳದು. ನಾವು ಉಡುಪಿ ಕಡೆಯ ತುಳುವರು, ನಮ್ಮವರು ಸೂಕ್‌ನಲ್ಲಿ ಎಂದರೆ ಅಲ್ಲಿನ ಪೇಟೆಯಲ್ಲಿ ವಾಹನದ ಬಿಡಿಭಾಗಗಳ ಅಂಗಡಿ ನೋಡಿಕೊಳ್ಳುತ್ತಿದ್ದರು. ನಾಗರತ್ನ ಮೈಸೂರಿನವಳು. ಅವಳ ಗಂಡ ಸತ್ಯನಾರಾಯಣ ನೀರಿನ ಪಂಪುಗಳ ಇಂಜಿನಿಯರು. ಬೆಳಿಗ್ಗೆ ಗಂಡಸರು ಕಾರಿನಲ್ಲಿ ಹೊರಟರೆ ಹೆಂಗಸರಿಗೆ ಮನೆಯೇ ಗತಿ. ನಡೆದು ಹೋಗೋಣವೆಂದರೆ ಎಲ್ಲಿಗೆ? ಹೊರಗೆ ಬಿಸಿಲು, ಮರಳು, ರಸ್ತೆ. ಹೀಗಾಗಿ ನನಗೆ ಅವಳು, ಅವಳಿಗೆ ನಾನು. ಸ್ನೇಹ ಮಾಡಿಕೊಂಡೆವು ಎನ್ನುವುದಕ್ಕಿಂತ ಬೇರೆ ದಾರಿ ಇರಲಿಲ್ಲ ಎನ್ನುವುದೇ ಸರಿ. ಆಮೇಲೆ ಅದೇ ಸ್ನೇಹವಾಯಿತು.

ಆ ವರ್ಷ ಅವಳು ಬಸುರಿ. ಹಿಂದಿನ ಬಾರಿ ಏಳನೇ ತಿಂಗಳಲ್ಲಿ ರಕ್ತದೊತ್ತಡ ಏರಿ ಮಗು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲವೂ ಒತ್ತಡ ಏರತೊಡಗಿದಾಗ ಡಾಕ್ಟರು, ವಿಮಾನ ಹತ್ತುವ ಮಾತೇ ಬೇಡ, ಹಾಸಿಗೆ ಬಿಟ್ಟು ಹೆಚ್ಚು ಏಳಬೇಡ, ಮನಸ್ಸಿಗೆ ಯಾವ ಆಘಾತವೂ ಆಗಬಾರದು ಎಂದಿದ್ದರು. ಬಾಣಂತನಕ್ಕೆ ತವರಿಗೆ ಹೋಗುವ ಆಸೆ ಅಲ್ಲಿಗೆ ಮುಗಿಯಿತು. ಅವಳ ತಂದೆ ವಾರಕ್ಕೊಂದು ಕಾಗದ ಬರೆಯುತ್ತಿದ್ದರು, ಕೊನೆಯಲ್ಲಿ ತಾಯಿಯ ಎರಡು ಸಾಲು ಇರುತ್ತಿತ್ತು. ಅಪ್ಪನದು ಪುಟಗಟ್ಟಲೆ ಊರಿನ ಸುದ್ದಿ, ಅಮ್ಮನದು 'ಹೊತ್ತಿಗೆ ಸರಿಯಾಗಿ ತಿನ್ನು' ಇತ್ಯಾದಿ. ಅವಳು ನನಗೆ ಓದಿ ಹೇಳುತ್ತಿದ್ದುದು ಆ ಎರಡು ಸಾಲನ್ನು ಮಾತ್ರ.

ದೀಪಾವಳಿಗೆ ಇನ್ನೆರಡು ವಾರವಿರುವಾಗ ಸತ್ಯನಾರಾಯಣ ಆಫೀಸಿನ ಹೊತ್ತಿನಲ್ಲಿ ನಮ್ಮ ಬಾಗಿಲು ಬಡಿದರು. ಕೈಯಲ್ಲಿ ಅರಬ್ಬಿ ಪೇಪರಿನಲ್ಲಿ ಸುತ್ತಿದ ದೊಡ್ಡದೊಂದು ಗಂಟು.

"ಜಲಜಕ್ಕ, ನಾಗು ಮಲಗಿದಾಳೆ. ಒಂದ್ನಿಮಿಷ ಒಳಗೆ ಬರ್ಲಾ?"

ಬಂದವರು ಕೂರಲಿಲ್ಲ. "ನಾಗು ಅಮ್ಮ ಹೋಗ್ಬಿಟ್ರು," ಎಂದರು. "ಅವಳ ಚಿಕ್ಕಪ್ಪ ಆಫೀಸಿಗೆ ಫೋನ್ ಮಾಡಿದ್ರು. ಹಾರ್ಟು. ಹೆರಿಗೆ ಆಗೋವರೆಗೂ ಅವಳಿಗೆ ಹೇಳ್ಬೇಡಿ ಅಂದ್ರು. ಡಾಕ್ಟರೂ ಅದನ್ನೇ ಹೇಳ್ತಾರೆ."

ನಾನು ಗೋಡೆಯ ಕಡೆ ನೋಡಿದೆ. ಅದರ ಆಚೆಗೇ ಅವಳ ಮಂಚ. ಏಸಿಯ ಗುರ್‌ಗುರ್ ಇದ್ದದ್ದು ಒಳ್ಳೆಯದಾಯಿತು.

"ಇದೆಂತ?" ಎಂದು ಗಂಟಿನ ಕಡೆ ಕೈ ತೋರಿಸಿದೆ.

"ಬಾಣಲೆ. ಹಬ್ಬಕ್ಕೆ ಚಕ್ಕುಲಿ, ಕೋಡುಬಳೆ ಕರೀಬೇಕು, ಕೂತ್ಕೊಂಡೇ ಕರೀತೀನಿ ಅಂತಾಳೆ. ಸಾವಾದ ಮನೇಲಿ ವರ್ಷ ತುಂಬೋವರೆಗೆ ಬಾಣಲೆ ಇಡಲ್ಲ ಜಲಜಕ್ಕ. ಮದ್ವೆ ಆದ ಮಗಳಿಗೆ ಮೂರೇ ದಿನ ಸೂತಕ ಅಂತ ಶಾಸ್ತ್ರ ಹೇಳತ್ತೆ, ನಂಗೊತ್ತು. ಆದ್ರೆ ಅವ್ಳ ಮನಸ್ಸು ಒಪ್ಪಲ್ಲ. ನಾಳೆ ವಿಷಯ ಗೊತ್ತಾದಾಗ, ಅಮ್ಮ ಹೋಗಿ ಹದಿನೈದು ದಿನಕ್ಕೆ ನಾನು ಎಣ್ಣೆ ಕಾಯಿಸ್ದೆ ಅಂತ ಸಾಯೋವರೆಗೂ ಕೊರಗ್ತಾಳೆ. ಅಷ್ಟು ಪಾಪ ಅವಳ ತಲೆಗೆ ಕಟ್ಟಕ್ಕೆ ನನ್ನಿಂದಾಗಲ್ಲ."

ಅದು ನನಗೆ ಅರ್ಥವಾಯಿತು. ನಮ್ಮಲ್ಲೂ ಹಾಗೆಯೇ. ಸಾವಿನ ವರ್ಷ ಹಬ್ಬದ ತಿಂಡಿ ಅಕ್ಕಪಕ್ಕದವರು ತಂದುಕೊಡಬೇಕೇ ಹೊರತು ನಮ್ಮ ಒಲೆಯ ಮೇಲೆ ಕರಿಯುವ ಎಣ್ಣೆ ಏರಬಾರದು. ಪೇಪರು ಬಿಚ್ಚಿ ನೋಡಿದೆ. ದಪ್ಪ ಹಿತ್ತಾಳೆಯ ಬಾಣಲೆ, ಮದುವೆಯಲ್ಲಿ ಬಂದದ್ದು. ಅಂಚಿನಲ್ಲಿ ಚುಕ್ಕಿಚುಕ್ಕಿಯಾಗಿ ಅವಳ ತಂದೆತಾಯಿಯ ಹೆಸರು, ಸುಬ್ಬರಾವ್ ಲಕ್ಷ್ಮೀದೇವಮ್ಮ ಎಂದು ಜೋಡಿಯಾಗಿ ಕೊರೆದಿತ್ತು. ಎಲ್ಲಿಡುವುದು? ನಮ್ಮ ಮನೆಯಲ್ಲಿ ಬಚ್ಚಿಡುವ ಜಾಗ ಒಂದೇ. ಓವನ್ನಿನ ಬಾಗಿಲು ತೆರೆದು ಇಡ್ಲಿ ತಟ್ಟೆಯ ಹಿಂದೆ ತಳ್ಳಿದೆ.

ಹೆಸರಿಗೆ ಸತ್ಯನಾರಾಯಣ. ಆ ತಿಂಗಳು ಅವರು ಹೇಳಿದಷ್ಟು ಸುಳ್ಳನ್ನು ನಾನು ಬೇರೆ ಯಾರ ಬಾಯಲ್ಲೂ ಕೇಳಿಲ್ಲ. ಬಾಣಲೆ ಎಲ್ಲಿ ಎಂದರೆ ಆಫೀಸಿನ ಬ್ಯಾಚುಲರ್ ಹುಡುಗರು ಪಾರ್ಟಿಗೆ ಒಯ್ದಿದ್ದಾರೆ. ಕಾಗದ ಎಲ್ಲಿ ಎಂದರೆ ಊರಲ್ಲಿ ಅಂಚೆಯವರ ಮುಷ್ಕರ. ಯಾಕೆ ಊಟ ಸೇರುತ್ತಿಲ್ಲ ಎಂದರೆ ಹಲ್ಲುನೋವು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಎಲ್ಲವೂ ಚೆನ್ನಾಗಿ ನಡೆಯುತ್ತಿದೆ ಎಂದೇ ಅವರ ಭಾವನೆ. ನನಗೂ ಸುಳ್ಳು ಹೇಳಲು ಬರುವುದಿಲ್ಲವೆಂದಲ್ಲ, ಹೇಳಿದ ಸುಳ್ಳನ್ನು ನೆನಪಿಟ್ಟುಕೊಳ್ಳುವುದು ಕಷ್ಟ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಆದಷ್ಟು ಸುಮ್ಮನಿರುತ್ತಿದ್ದೆ.

ನಾಗರತ್ನ ಸುಮ್ಮನಿರುವವಳಲ್ಲ. "ಬಾಣಲೆ ಹೋದ್ರೆ ಹೋಗ್ಲಿ, ನಿಮ್ದು ಕೊಡಿ ಜಲಜಕ್ಕ," ಎಂದಳು ಒಂದು ದಿನ. "ಹಬ್ಬದ ದಿನ ಎಣ್ಣೆ ಚುಂಯ್ ಅನ್ನದಿದ್ರೆ ಅದೇನು ಹಬ್ಬ ಕಣ್ರೀ? ಹೊಟ್ಟೇಲಿರೋದಕ್ಕೂ ಗೊತ್ತಾಗ್ಲಿ ದೀಪಾವಳಿ ಅಂತ."

"ಎಣ್ಣೆಯ ಹೊಗೆ ನಿನಗೆ ಆಗುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ ಮಾರಾಯ್ತಿ."

"ನನ್ ಡಾಕ್ಟರು ನಿಮಗ್ಯಾವಾಗ ಹೇಳಿದ್ರು?"

ಅಷ್ಟರಲ್ಲಿ ಶ್ರುತಿ ಶಾಲೆಯಿಂದ ಬಂದಳು. ಇಂಡಿಯನ್ ಸ್ಕೂಲಿನಲ್ಲಿ ಆಗ ನಾಲ್ಕನೇ ಕ್ಲಾಸು. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ವಯಸ್ಸು. ಟೀಚರ್ ರಜೆಯಲ್ಲಿ ಮನೆಯಲ್ಲೇ ಮಾಡಬಹುದಾದ ಬಣ್ಣದ ಕುಕೀ ಕಲಿಸಿದ್ದಾರಂತೆ. "ವೆರಿ ಈಸಿ ಆಂಟಿ," ಎಂದು ನಾಗರತ್ನಳಿಗೆ ವಿವರಿಸತೊಡಗಿದಳು. ಮೈದಾ, ಬೆಣ್ಣೆ, ಪುಡಿ ಮಾಡಿದ ಸಕ್ಕರೆ, ಸ್ವಲ್ಪ ಕಸ್ಟರ್ಡ್ ಪುಡಿ, ಕಲಸಲು ಹಾಲು. ಮೊಟ್ಟೆ ಬೇಡ. ಲಟ್ಟಿಸಿ, ಕತ್ತರಿಸಿ, ಓವನ್ನಿನಲ್ಲಿ ಬೇಯಿಸಿ, ಆರಿದ ಮೇಲೆ ಬಣ್ಣದ ಸಕ್ಕರೆಯಲ್ಲಿ ಚಿತ್ರ ಬರೆಯಬೇಕು. ನನಗೆ ತಕ್ಷಣ ತಲೆ ಓಡಿತು. ಓವನ್ನಿನಲ್ಲಿ ಎಣ್ಣೆಯಿಲ್ಲ, ಕರಿಯುವುದಿಲ್ಲ, ಬಾಣಲೆಯ ಮಾತೇ ಇಲ್ಲ. ಶಾಸ್ತ್ರ ಬರೆದವರು ಓವನ್ ಕಂಡವರಲ್ಲ, ಹಾಗಾಗಿ ಅದಕ್ಕೆ ಅವರ ತಕರಾರೂ ಇರಲಾರದು. ಮಗಳು ಹಬ್ಬವನ್ನೂ ಮಾಡಿದಂತಾಯಿತು, ತಾಯಿಗೆ ಅಪಚಾರವೂ ಆಗಲಿಲ್ಲ.

ಸತ್ಯನಾರಾಯಣರಿಗೆ ಹೇಳಿದೆ. ಒಂದು ಕ್ಷಣ ಯೋಚಿಸಿ, "ಬೇಯಿಸೋದು ತಾನೆ? ತೊಂದ್ರೆ ಇಲ್ಲ ಅನ್ಸತ್ತೆ," ಎಂದರು, ಮೈಸೂರಿನ ಪುರೋಹಿತರನ್ನೇ ಕೇಳಿ ಬಂದವರ ಹಾಗೆ.

ಮರುದಿನ ನಾನು ಓವನ್ ಖಾಲಿ ಮಾಡಲು ಕೂತೆ. ಏನಿರಲಿಲ್ಲ ಅದರಲ್ಲಿ! ಊರಿಂದ ತಂದು ಮರೆತ ಶ್ಯಾವಿಗೆ ಮಣೆ ಕೂಡ ಸಿಕ್ಕಿತು. ಒಂದೊಂದಾಗಿ ನೆಲದ ಮೇಲೆ ಹರಡುತ್ತಾ ಹೋದೆ. ಬಾಣಲೆಯನ್ನೂ ತೆಗೆದು ಪಕ್ಕಕ್ಕಿಟ್ಟೆ, ಮೇಲೆ ಹೊದಿಸಲು ಬಟ್ಟೆ ತರಬೇಕು ಎನ್ನುವಷ್ಟರಲ್ಲಿ ಹಿಂಬಾಗಿಲಲ್ಲಿ ನಾಗರತ್ನ ನಿಂತಿದ್ದಳು. ಹಾಸಿಗೆ ಬಿಟ್ಟು ಏಳಬಾರದವಳು, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ನಡೆದು ಬಂದಿದ್ದಳು.

"ಓವನ್ ನೋಡೋಣ ಅಂತ ಬಂದೆ. ಹಿಂದಿನ ಮನೆಗೆ ಮಾಲೀಕ ಬರೀ ಒಲೆ ಕೊಟ್ಟಿದಾನೆ, ಓವನ್ ಇಲ್ವಲ್ಲ."

ಎದ್ದು ನಿಂತು, ಸೀರೆಯ ನೆರಿಗೆ ಅಡ್ಡಮಾಡಿ, ಕಾಲಿನಿಂದ ಬಾಣಲೆಯನ್ನು ಸಿಂಕಿನ ಕೆಳಗೆ ಸರಿಸಿದೆ. ಹಿತ್ತಾಳೆ ನೆಲಕ್ಕೆ ಉಜ್ಜಿ ಸದ್ದಾಯಿತು. ಅವಳು ಕುರ್ಚಿಯಲ್ಲಿ ಕೂತಳು. ನೀರು ಕೇಳಿದಳು. ಕೊಟ್ಟೆ. ಇಡೀ ಚೆಂಬು ಒಂದೇ ಸಲಕ್ಕೆ ಕುಡಿದು, "ಸೆಖೆ ಇನ್ನೂ ಹೋಗಿಲ್ಲ ಅಲ್ವಾ ಜಲಜಕ್ಕ," ಎಂದಳು. ಆಮೇಲೆ ಬೆಣ್ಣೆ ಯಾವ ದೇಶದ್ದು, ಉಪ್ಪು ಹಾಕಿದ್ದೋ ಹಾಕದ್ದೋ ಎಂದೆಲ್ಲ ವಿಚಾರಿಸಿದಳು. ಸದ್ಯ, ನೋಡಲಿಲ್ಲ ಎಂದುಕೊಂಡೆ. ಅವಳು ಹೋದ ಮೇಲೆ ಬಾಣಲೆಯನ್ನು ನಮ್ಮ ಮಂಚದ ಕೆಳಗೆ ಸೂಟ್‌ಕೇಸಿನೊಳಗೆ ಹಾಕಿ ಬೀಗವನ್ನೇ ಹಾಕಿದೆ.

ಮೊದಲ ಸಲ ಓವನ್ ಬಿಸಿಯಾದಾಗ ಹಿಂಬದಿಯ ಮೂಲೆಯಲ್ಲಿ ಉಳಿದಿದ್ದ ಪ್ಲಾಸ್ಟಿಕ್ ಮುಚ್ಚಳ ಕರಗಿ ಮನೆಯೆಲ್ಲ ನಾತ. ನಮ್ಮವರು ಅಂಗಡಿಯಿಂದ ಬಂದವರೇ, "ಎಂತ ಸುಟ್ಟದ್ದು, ಟಯರಾ?" ಎಂದು ಕೇಳಿದರು. ಅದನ್ನು ಕೆರೆದು ತೆಗೆದು ಮತ್ತೆ ಶುರುಮಾಡಿದೆವು. ನಾನು ಕಲಸಿ ಲಟ್ಟಿಸುವುದು, ಶ್ರುತಿ ಕತ್ತರಿಸುವುದು, ಬೆಂದದ್ದನ್ನು ತಟ್ಟೆಯಲ್ಲಿ ಹಿಂದಿನ ಮನೆಗೆ ಒಯ್ಯುವುದು, ನಾಗರತ್ನ ಮಂಚದ ಮೇಲೆ ದಿಂಬಿಗೆ ಒರಗಿ ಕೂತು ಬಣ್ಣ ಬರೆಯುವುದು. ಟೀಚರು ಹೇಳಿದ ಮರ, ನಕ್ಷತ್ರದ ಅಚ್ಚು ನಮ್ಮಲ್ಲಿಲ್ಲ. ಲೋಟದ ಬಾಯಿಂದ ದುಂಡಗೆ ಕತ್ತರಿಸಿದೆವು, ಅದನ್ನೇ ಎರಡು ಸಲ ಒತ್ತಿದರೆ ಮಾವಿನಕಾಯಿಯ ಹಾಗೂ ಆಗುತ್ತಿತ್ತು. ಬಣ್ಣಗಳು ಊರಿನಿಂದ ತಂದ ಜಿಲೇಬಿ ಬಣ್ಣದ ಪೊಟ್ಟಣಗಳು: ಕೇಸರಿ, ಕೆಂಪು, ಹಸಿರು. ಹಾಲು ಸಕ್ಕರೆಯಲ್ಲಿ ಕದಡಿ, ಪ್ಲಾಸ್ಟಿಕ್ ಚೀಲದ ಮೂಲೆ ಕತ್ತರಿಸಿ ಅವಳು ಎಳೆ ಎಳೆಯುತ್ತಿದ್ದಳು. ಅಂಗಳದ ರಂಗೋಲಿ ಬಿಸ್ಕತ್ತಿನ ಮೇಲೆ ಬಂತು. ಒಂದು ಎಳೆಯೂ ಸೊಟ್ಟಗಾಗಲಿಲ್ಲ. ಅದು ನನಗೆ ಈಗ ನೆನಪಾಗುತ್ತದೆ.

"ಎರಡು ಡಬ್ಬಿ ಬೇರೆ ಇಡ್ಬೇಕು ಜಲಜಕ್ಕ," ಎಂದಳು. "ಡಿಸೆಂಬರಲ್ಲಿ ಇವರ ಆಫೀಸಿನೋರು ಬೆಂಗಳೂರಿಗೆ ಹೋಗ್ತಾರಂತೆ. ಕಳಿಸ್ಬೇಕು. ಒಂದು ಅಪ್ಪಂಗೆ, ಒಂದು ಅಮ್ಮಂಗೆ."

"ಎರಡು ಯಾಕೆ? ಒಂದರಲ್ಲೇ ಹಾಕಿದರೆ ಸಾಲದಾ?"

"ಒಂದರಲ್ಲಿ ಹಾಕಿದ್ರೆ ಅಪ್ಪ ಒಬ್ಬರೇ ಮುಗಿಸ್ಬಿಡ್ತಾರೆ. ಅಮ್ಮಂದು ಬರೀ ಹಸಿರು. ಅವರಿಗೆ ಹಸಿರು ಅಂದ್ರೆ ಪ್ರಾಣ."

ನಾನು ಬಗ್ಗಿ ಚೆಲ್ಲಿದ ಸಕ್ಕರೆ ಒರೆಸತೊಡಗಿದೆ. ಮುಖ ತೋರಿಸುವ ಧೈರ್ಯವಿರಲಿಲ್ಲ. ಲಕ್ಷ್ಮೀದೇವಮ್ಮನವರನ್ನು ನಾನು ಕಂಡವಳಲ್ಲ, ಆದರೆ ಆ ಕಾಗದಗಳ ಎರಡು ಸಾಲಿನಲ್ಲಿ ಆಕೆ ನನಗೂ ಪರಿಚಯದವಳಾಗಿದ್ದಳು. ಹಾಲಿನ ಪುಡಿಯ ಎರಡು ಖಾಲಿ ಡಬ್ಬಿಗಳಲ್ಲಿ, ಒಂದರಲ್ಲಿ ಕೆಂಪು ಕೇಸರಿ, ಇನ್ನೊಂದರಲ್ಲಿ ಹಸಿರು ತುಂಬಿದಳು. ತಮ್ಮ ಮನೆಯಲ್ಲಿದ್ದರೆ ಗಂಡ ಕೈಹಾಕುತ್ತಾರೆಂದು ನನ್ನಲ್ಲೇ ಇಡಲು ಕೊಟ್ಟಳು. ಫ್ರಿಜ್ಜಿನ ಮೇಲೆ ಇಟ್ಟೆ. ಹಾಲು ತೆಗೆಯುವಾಗಲೆಲ್ಲ ಆ ಹಸಿರು ಡಬ್ಬಿ ಕಣ್ಣಿಗೆ ಬೀಳುತ್ತಿತ್ತು, ತಿನ್ನುವವರಿಲ್ಲದ ತಿಂಡಿಗೆ ಕಾವಲಿರುವುದು ಒಂದು ಹಿಂಸೆ.

ಹಬ್ಬ ಹಾಗೆ ಕಳೆಯಿತು. ಮಾಲೀಕನ ಮನೆಗೂ ಒಂದು ತಟ್ಟೆ ಕಳಿಸಿದೆವು, ತಟ್ಟೆ ತುಂಬ ಖರ್ಜೂರ ಬಂತು. ನವೆಂಬರ್ ಬಂದಂತೆ ಸೆಖೆ ಇಳಿಯಿತು, ರಾಷ್ಟ್ರೀಯ ದಿನಕ್ಕೆಂದು ರಸ್ತೆಯುದ್ದಕ್ಕೂ ಕೆಂಪು, ಬಿಳಿ, ಹಸಿರು ದೀಪ ಹತ್ತಿದವು. ಆ ದೇಶದಲ್ಲಿ ಏಸಿ ನಿಲ್ಲಿಸುವ ಮೊದಲ ದಿನ ಒಂದು ಸಂಭ್ರಮ. ಕಿಟಕಿ ತೆರೆದರೆ ಅಕ್ಕಪಕ್ಕದ ಮನೆಗಳಿಗೆ ಮತ್ತೆ ಸದ್ದು ಬರುತ್ತದೆ, ಯಾರ ಮನೆಯ ಕುಕ್ಕರು, ಯಾರ ಮನೆಯ ಜಗಳ ಎಲ್ಲ ತಿಳಿಯುತ್ತದೆ. ಹಿಂದಿನ ಮನೆಯಲ್ಲಿ ಮಾತ್ರ ಸತ್ಯನಾರಾಯಣರ ಕೋಣೆಯ ಏಸಿ ಸಂಜೆ ಹೊತ್ತು ಓಡುತ್ತಲೇ ಇರುತ್ತಿತ್ತು. "ಚಳಿಯಲ್ಲಿ ಎಂತಕ್ಕೆ ಏಸಿ?" ಎಂದು ಒಮ್ಮೆ ಕೇಳಿಯೇ ಬಿಟ್ಟೆ. ಅವರು ನನ್ನ ಮುಖ ನೋಡಿ, "ಅಳು ಬರತ್ತೆ ಜಲಜಕ್ಕ. ಅವಳಿಗೆ ಕೇಳಿಸ್ಬಾರ್ದಲ್ಲ," ಎಂದರು. ಚಿಕ್ಕಂದಿನಲ್ಲೇ ತಂದೆತಾಯಿ ಕಳೆದುಕೊಂಡವರು ಅವರು. ಈಗ ತೀರಿಹೋದ ಅತ್ತೆಯೇ ಅವರನ್ನು ಮಗನ ಹಾಗೆ ನೋಡಿಕೊಂಡಿದ್ದರು. ಆ ಮನುಷ್ಯನನ್ನು ನಾನು ಅಲ್ಲಿಯವರೆಗೆ ಒಳಗೊಳಗೇ ಗೇಲಿ ಮಾಡುತ್ತಿದ್ದೆ, ಆಮೇಲೆ ಮಾಡಲಿಲ್ಲ.

ಅವರಿಗೊಂದು ಸಮಾಧಾನವಿತ್ತು. ನಾಗರತ್ನ ಕಾಗದದ ಬಗ್ಗೆ ಕೇಳುವುದನ್ನು ನಿಲ್ಲಿಸಿದ್ದಳು. ಬಾಣಲೆಯ ಮಾತನ್ನೂ ಎತ್ತುತ್ತಿರಲಿಲ್ಲ. "ಮಗೂದೇ ಯೋಚನೆ, ಬೇರೆಲ್ಲ ಮರ್ತಿದಾಳೆ," ಎಂದು ಅವರು ಹೇಳಿದರೆ ನನಗೂ ಹಾಗೇ ಅನಿಸಿತ್ತು. ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದಳು, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತಿದ್ದಳು. ರಕ್ತದೊತ್ತಡ ನೋಡಿದ ಡಾಕ್ಟರು ಹೊಗಳಿ ಕಳಿಸಿದರಂತೆ.

ದೀಪದ ಸಾಲು ಇನ್ನೂ ಇಳಿದಿರಲಿಲ್ಲ, ಒಂದು ಬೆಳಿಗ್ಗೆ ನೋವು ಬಂತು. ಮಧ್ಯಾಹ್ನದ ಹೊತ್ತಿಗೆ ಹೆರಿಗೆಯೂ ಆಯಿತು. ಹೆಣ್ಣುಮಗು. ದುಂಡಗೆ, ಕೆಂಪಗೆ, ಗಟ್ಟಿ ಗಂಟಲು. ಮರುದಿನ ಭೇಟಿಯ ಹೊತ್ತಿಗೆ ನಾನು ಗಂಜಿ ತೆಗೆದುಕೊಂಡು ಹೋದೆ. ಸತ್ಯನಾರಾಯಣ ಮೂಲೆಯಲ್ಲಿ ನಿಂತು ಮಗುವನ್ನು ನೋಡುತ್ತಿದ್ದರು. ಡಾಕ್ಟರು ಸುತ್ತು ಮುಗಿಸಿ, ತಾಯಿ ಮಗು ಇಬ್ಬರಿಗೂ ಇನ್ನು ಭಯವಿಲ್ಲ ಎಂದು ಹೇಳಿ ಹೋದರು. ಸತ್ಯನಾರಾಯಣ ಜೋರಾಗಿ ಉಸಿರು ಬಿಟ್ಟರು. ಮನೆಗೆ ಹೋದ ಮೇಲೆ, ನಾಮಕರಣ ಮುಗಿದ ಮೇಲೆ ನಿಧಾನವಾಗಿ ಹೇಳುವುದೆಂದು ನಮ್ಮಲ್ಲಿ ಮಾತಾಗಿತ್ತು.

ನಾಗರತ್ನ ಮಗುವನ್ನು ಪಕ್ಕದಲ್ಲಿ ಸರಿಯಾಗಿ ಮಲಗಿಸಿ ಗಂಡನ ಕಡೆ ತಿರುಗಿದಳು.

"ಈಗ ಹೇಳ್ರೀ. ಅಪ್ಪನಾ, ಅಮ್ಮನಾ?"

ಸತ್ಯನಾರಾಯಣ ಮಂಚದ ಕಂಬಿ ಹಿಡಿದುಕೊಂಡರು. ನನ್ನ ಕಡೆ ನೋಡಿದರು.

"ಜಲಜಕ್ಕನ್ನ ಯಾಕೆ ನೋಡ್ತೀರಾ? ಬಾಣಲೆ ಅವರ ಮನೆ ನೆಲದ ಮೇಲೆ ನಾನೇ ನೋಡಿದೀನಿ. ದೀಪಾವಳಿ ಮುಂದೆ ಬಾಣಲೆ ಬಚ್ಚಿಟ್ಟಿದಾರೆ ಅಂದ್ರೆ ಇನ್ನೇನು? ನಿಮ್ಮ ಕಡೆ ಯಾರೂ ಇಲ್ಲ, ನಮ್ಮನೇದೇ. ಯಾರು ಅನ್ನೋದು ಮಾತ್ರ ಗೊತ್ತಾಗ್ಲಿಲ್ಲ. ಅಪ್ಪ ಹೋಗಿದ್ರೆ ಕಾಗದ ಬರೆಯೋರಿಲ್ಲ. ಅಮ್ಮ ಹೋಗಿದ್ರೆ ಅವರೆರಡು ಸಾಲಿಲ್ದೆ ಅಪ್ಪ ಬರೆಯಲ್ಲ."

"ಕೇಳ್ಬಹುದಿತ್ತಲ್ಲ ನಾಗು..." ಎಂದರು ಅವರು.

"ಕೇಳಿದ್ರೆ ಒಬ್ಬರು ಹೋಗ್ತಿದ್ರು. ಕೇಳದೆ ಇರೋವರೆಗೂ ಇಬ್ಬರೂ ಇದ್ರು. ಇವಳು ಹುಟ್ಟೋವರೆಗೆ ಇಬ್ಬರೂ ಇರ್ಲಿ ಅಂತ ಸುಮ್ನಿದ್ದೆ."

ಒಂದು ತಿಂಗಳು. ಆ ಹುಡುಗಿ ಮಂಚದ ಮೇಲೆ ಕೂತು, ಯಾರಿಗೆ ಮುಟ್ಟುತ್ತದೆ ಯಾರಿಗೆ ಮುಟ್ಟುವುದಿಲ್ಲ ಎಂದು ತಿಳಿಯದೆ ಎರಡು ಡಬ್ಬಿ ತುಂಬಿದ್ದಳು. ನಾವು ಅವಳನ್ನು ಕಾಪಾಡುತ್ತಿದ್ದೇವೆ ಎಂದುಕೊಂಡಿದ್ದೆವು.

"ಅಮ್ಮ," ಎಂದರು ಸತ್ಯನಾರಾಯಣ ಕೊನೆಗೆ.

ಅವಳು ತಲೆಯಾಡಿಸಿದಳು. ಸೀಲಿಂಗ್ ನೋಡುತ್ತಾ ಮಲಗಿದಳು. ಅಳಲಿಲ್ಲ. ಗಂಜಿ ಕೊಟ್ಟರೆ ಪೂರ್ತಿ ಕುಡಿದಳು. ನಾನು ಹೊರಟಾಗ ಸೆರಗು ಹಿಡಿದು, "ಸಂಜೆ ಬರೋವಾಗ ಹಸಿರು ಡಬ್ಬಿ ತನ್ನಿ ಜಲಜಕ್ಕ," ಎಂದಳು.

ಬಾಣಂತಿಗೆ ಮೈದಾ, ಬೆಣ್ಣೆ, ಬಣ್ಣದ ಸಕ್ಕರೆ ಕೊಡುವುದುಂಟೇ? ಬೇರೆ ಯಾರಾದರೂ ಕೇಳಿದ್ದರೆ ನಾನೇ ಮೊದಲು ಬೈಯುತ್ತಿದ್ದೆ. ಆ ಸಂಜೆ ಬಾಯಿ ಮುಚ್ಚಿಕೊಂಡು ಒಯ್ದೆ. ಮುಚ್ಚಳ ಬಿಗಿಯಾಗಿತ್ತು, ಚಮಚದ ಹಿಡಿಯಿಂದ ಎಬ್ಬಿಸಿದೆ. ಬೆಣ್ಣೆ, ಕಸ್ಟರ್ಡ್ ಪುಡಿಯ ಘಮ ಆಸ್ಪತ್ರೆಯ ಫಿನೈಲ್ ವಾಸನೆಯ ನಡುವೆ ಎದ್ದಿತು. ಅವಳು ಮೇಲಿದ್ದ ಒಂದು ಹಸಿರು ಮಾವಿನಕಾಯಿಯನ್ನು ತೆಗೆದು ಅರ್ಧ ಕಚ್ಚಿ ನಿಧಾನವಾಗಿ ಅಗಿದಳು.

"ಸಿಹಿ ಜಾಸ್ತಿ ಆಗಿದೆ," ಎಂದಳು. "ಅಮ್ಮ ಆಗಿದ್ರೆ ಮೊದಲನೇ ತುತ್ತಿಗೇ ಹೇಳ್ತಿದ್ರು."

ಅಷ್ಟು ಹೇಳಿದ ಮೇಲೆ ಅವಳಿಗೆ ಅಳು ಬಂತು. ತಿಂಗಳಿಂದ ಕಟ್ಟಿಟ್ಟಿದ್ದ ಅಳು. ಸತ್ಯನಾರಾಯಣ ಅವಳ ಪಾದದ ಬಳಿ ಕೂತು ತಾವೂ ಅತ್ತರು, ಅಲ್ಲಿ ಏಸಿಯ ಹಂಗು ಇರಲಿಲ್ಲ. ಅವಳು ಅಳುತ್ತಲೇ ಉಳಿದ ಅರ್ಧವನ್ನೂ ತಿಂದಳು, ಇನ್ನೊಂದನ್ನೂ ತೆಗೆದುಕೊಂಡಳು. ತುಟಿ, ಹಲ್ಲು ಎಲ್ಲ ಹಸಿರಾಯಿತು. ಗಲಾಟೆಗೆ ಮಗು ಎಚ್ಚರವಾಗಿ ಚೀರಿತು. ಅದನ್ನು ಎತ್ತಿಕೊಂಡು ಹಣೆಗೆ ಮುತ್ತು ಕೊಟ್ಟು ಎದೆಗೆ ಹಚ್ಚಿಕೊಂಡಳು. ಆ ಪುಟ್ಟ ಹಣೆಯ ಮೇಲೆ ಹಸಿರು ಬಣ್ಣ ಉಳಿಯಿತು. ನರ್ಸು ಹತ್ತಿ ತಂದು ಒರೆಸಲು ಬಂದಳು. ನಾನು ಬೇಡ ಎಂದೆ.